ಪಟ್ಟ ಮುಂದೂಡಿದ ರಾಜ

ಇವಳು ಆರು ವರ್ಷ ಇನ್ನೊಬ್ಬನ ಜೊತೆ ಸಂಸಾರ ಮಾಡಿದಳು, ಅವನು ರಾಜ ಬೇರೆ, ಎಂದು ನನ್ನ ಗಂಡ ಸ್ನೇಹಿತರ ಮುಂದೆ ಹೇಳುವುದುಂಟು. ತಮಾಷೆಗೆ ಹೇಳುವ ಮಾತಾದರೂ ಪೂರ್ತಿ ಸುಳ್ಳಲ್ಲ. ರಾಜ ಅರಾಕಾನಿನವನು. ಅರಾಕಾನ್ ಎಂದರೆ ಬಂಗಾಳ ಕೊಲ್ಲಿಯ ಆಚೆ ದಡ, ಚಿತ್ತಗಾಂಗಿನಿಂದ ಕೆಳಗಿಳಿದರೆ ಸಿಗುವ ಕರಾವಳಿ, ಈಗ ಬರ್ಮಾದ ಪಶ್ಚಿಮದ ಅಂಚು. ಸುಮಾರು ನಾನೂರು ವರ್ಷಗಳ ಹಿಂದೆ ಅಲ್ಲಿ ಗಟ್ಟಿಯಾದ ಒಂದು ರಾಜ್ಯವಿತ್ತು. ನನ್ನ ಡಾಕ್ಟರೇಟ್ ಪ್ರಬಂಧ ಅಲ್ಲಿಯ ಒಬ್ಬ ರಾಜನ ಆಳ್ವಿಕೆಯ ಬಗ್ಗೆ. ಅದನ್ನು ಬರೆದದ್ದು ಜಪಾನಿನಲ್ಲಿ, ನಗೋಯಾದಲ್ಲಿ.

ಕೋಲಾರದ ಕಡೆಯ ಚೋಳ ಶಾಸನಗಳನ್ನು ಓದಿ ಮೈಸೂರಿನಲ್ಲಿ ಎಂ.ಎ. ಮಾಡಿದವಳು ಅರಾಕಾನಿಗೆ ಹೇಗೆ ಹೋದಳು ಎಂದು ಎಲ್ಲರೂ ಕೇಳುತ್ತಾರೆ. ಗಂಡನ ಕೆಲಸ ಕಾರುಗಳ ಸಾಫ್ಟ್‌ವೇರಿನಲ್ಲಿ. ಜಪಾನಿನಲ್ಲಿ ಆ ದೊಡ್ಡ ಭೂಕಂಪವಾದ ಮರುವರ್ಷ ಅವನಿಗೆ ನಗೋಯಾಕ್ಕೆ ವರ್ಗವಾಯಿತು. ಬಂಧುಗಳೆಲ್ಲ ಈಗ ಯಾರಾದರೂ ಜಪಾನಿಗೆ ಹೋಗುತ್ತಾರಾ ಎಂದರು. ನಾವು ಹೋದೆವು. ಎರಡು ವರ್ಷ ಭಾಷೆ ಕಲಿತು, ಅಡಿಗೆ ಮಾಡಿ, ಸಬ್‌ವೇ ನಕ್ಷೆ ಬಾಯಿಪಾಠ ಮಾಡಿ ಬೇಸತ್ತಾಗ, ವಿಶ್ವವಿದ್ಯಾಲಯದಲ್ಲಿ ಹಳೆಯ ನಾಣ್ಯ, ಶಾಸನ ಓದುವ ಒಬ್ಬ ಪ್ರಾಧ್ಯಾಪಕರಿದ್ದಾರೆ ಎಂದು ಗೊತ್ತಾಯಿತು. ಅವರೇ ನನ್ನ ಸೆನ್ಸೇ. ಗುರುಗಳಿಗೆ ಅಲ್ಲಿ ಹೆಸರು ಹಿಡಿಯದೆ ಸೆನ್ಸೇ ಎಂದೇ ಕರೆಯುವುದು.

ಸೆನ್ಸೇ ಒಕಾಜಾಕಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ತೆಳ್ಳಗೆ, ಎತ್ತರ, ಮಾತು ಕಡಿಮೆ. ಅರಾಕಾನಿಗೆ ಅವರು ಬಂದದ್ದು ಒಬ್ಬ ಪೋರ್ಚುಗೀಸ್ ಪಾದ್ರಿ ಬರೆದಿಟ್ಟ ಕೆಲವು ಸಾಲುಗಳ ಬೆನ್ನು ಹತ್ತಿ. ದೇಶ ಬಿಟ್ಟು ಬಂದ, ಕ್ರಿಸ್ತನನ್ನು ನಂಬಿದ ಜಪಾನಿಗಳ ಒಂದು ದಂಡು ಆ ರಾಜನ ಮೈಗಾವಲಿಗಿತ್ತು ಎಂದು ಪಾದ್ರಿ ಬರೆದಿದ್ದ. ಆ ಕಾವಲುಗಾರರ ಬಗ್ಗೆ ಅದಕ್ಕಿಂತ ಹೆಚ್ಚು ಸೆನ್ಸೇಗೆ ಏನೂ ಸಿಗಲಿಲ್ಲ. ಆದರೆ ಹುಡುಕುತ್ತ ಹೋಗಿ ಅರಾಕಾನಿನ ಲಿಪಿ ಕಲಿತರು, ಅಲ್ಲಿಯ ಹಸ್ತಪ್ರತಿಗಳನ್ನು ಓದಿದರು, ಕೊನೆಗೆ ಕಾವಲುಗಾರರನ್ನು ಮರೆತು ರಾಜರ ನಾಣ್ಯಗಳಲ್ಲಿ ಮುಳುಗಿದರು. ಇಡೀ ವಿಭಾಗದಲ್ಲಿ ಆ ಲಿಪಿ ಓದಬಲ್ಲವರು ಅವರೊಬ್ಬರೇ. ಅವರಿಂದ ಕಲಿತು ನಾನು ಎರಡನೆಯವಳಾದೆ.

ಪಾದ್ರಿಯ ಕಥೆಯಲ್ಲಿ ಇನ್ನೊಂದು ಸಂಗತಿಯಿತ್ತು. ಅದು ನನ್ನನ್ನು ಹಿಡಿಯಿತು. ಈ ರಾಜ ತಂದೆಯ ನಂತರ ಸಿಂಹಾಸನಕ್ಕೆ ಬಂದ, ಆದರೆ ಪಟ್ಟಾಭಿಷೇಕ ಮಾಡಿಕೊಳ್ಳಲಿಲ್ಲ. ಅಭಿಷೇಕವಾದ ವರ್ಷದೊಳಗೆ ನಿನಗೆ ಸಾವು ಎಂದು ಜೋಯಿಸನೊಬ್ಬ ಹೇಳಿಬಿಟ್ಟಿದ್ದನಂತೆ. ಹಾಗಾಗಿ ಹತ್ತು ವರ್ಷಕ್ಕೂ ಮೇಲೆ ಮೀನಮೇಷ ಎಣಿಸುತ್ತಲೇ ಕಳೆದ. ಈ ನಡುವೆ ಯುದ್ಧ ಮಾಡಿದ, ಕಪ್ಪ ವಸೂಲು ಮಾಡಿದ, ಡಚ್ಚರ ಜೊತೆ ಅಕ್ಕಿಯ ವ್ಯಾಪಾರ ಮಾಡಿದ, ಬಂಗಾಳದ ಊರುಗಳಿಂದ ಹಿಡಿದು ತಂದ ಬಡಪಾಯಿಗಳನ್ನು ಅದೇ ಡಚ್ಚರಿಗೆ ಮಾರಿದ. ಬಿಳಿಯಾನೆಯ ಒಡೆಯ ಎಂಬ ಬಿರುದಿನಲ್ಲಿ ನಾಣ್ಯವನ್ನೂ ಹೊಡೆಸಿದ. ಅಭಿಷೇಕವಿಲ್ಲದೆ ಅವನಿಗೆ ಯಾವುದೂ ಕಡಿಮೆಯಾಗಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಅಭಿಷೇಕ ಮಾಡಿಕೊಂಡ, ಹೊಸ ವರ್ಷ ಹಾಕಿ ಹೊಸ ನಾಣ್ಯ ಹೊಡೆಸಿದ. ಜೋಯಿಸನ ಗಡುವನ್ನು ದಾಟಿದ, ಆದರೆ ಬಹಳ ಕಾಲವೇನೂ ಬದುಕಲಿಲ್ಲ. ರಾಣಿಯ ಕಡೆಯವರ ಸಂಚು ಎಂದು ಹೇಳುವವರಿದ್ದಾರೆ.

ನನ್ನ ಪ್ರಬಂಧದ ನಾಲ್ಕು ಅಧ್ಯಾಯಗಳು ಈ ಆಳ್ವಿಕೆಯನ್ನು ನಾಣ್ಯ ಮತ್ತು ಪತ್ರಗಳಿಂದ ಕಟ್ಟಿಕೊಡುತ್ತಿದ್ದವು. ಐದನೆಯದು ಒಂದೇ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು: ಅಭಿಷೇಕವಿಲ್ಲದೆ ಅಷ್ಟು ವರ್ಷ ಆರಾಮಾಗಿ ಆಳಿದವನು, ಜೀವಭಯವನ್ನು ಬದಿಗಿಟ್ಟು, ಕೊನೆಗೆ ಯಾಕೆ ಮಾಡಿಕೊಂಡ? ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದ ಬರೆಯಲಿಲ್ಲ. ಬರೆಯದೆ ಇರುವುದಕ್ಕೆ ನನ್ನಲ್ಲಿ ಎಷ್ಟು ಒಳ್ಳೆಯ ಕಾರಣಗಳು ಹುಟ್ಟಿಕೊಳ್ಳುತ್ತಿದ್ದವು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಮಗಳು ಹುಟ್ಟಿ ಎಂಟು ತಿಂಗಳಿಗೆ ಡಾಕ್ಟರೇಟಿಗೆ ಸೇರಿದ್ದೆ. ಅವಳ ಹೊಯಿಕುಎನ್‌ಗೆ, ಅಂದರೆ ಶಿಶುವಿಹಾರಕ್ಕೆ, ಚೀಲ ಹೊಲಿಯುವುದು, ಡಬ್ಬಿ ಕಟ್ಟುವುದು, ಯಾವುದು ಸಿಕ್ಕರೂ ಅದು ನನಗೆ ರಾಜನಿಗಿಂತ ತುರ್ತಾಗಿ ಕಾಣುತ್ತಿತ್ತು.

ಡಾಕ್ಟರೇಟಿಗೆ ಅಲ್ಲಿ ಮೂರು ವರ್ಷ. ಎಳೆದರೆ ಆರು, ಅದರಾಚೆ ಒಂದು ದಿನವೂ ಇಲ್ಲ. ನಾಲ್ಕನೇ ವರ್ಷ ಮುಗಿದಾಗ ಕಚೇರಿಯಿಂದ ನನಗೊಂದು ಪತ್ರ ಬಂತು. ಜಪಾನಿನಲ್ಲಿ ಆಗಷ್ಟೇ ಹಳೆಯ ಚಕ್ರವರ್ತಿ ಇಳಿದು, ಮೇ ಒಂದರಂದು ಹೊಸಬರು ಬಂದು, ರೇವಾ ಎಂಬ ಹೊಸ ಶಕೆ ಶುರುವಾಗಿತ್ತು. ಅಲ್ಲಿಯ ಸರ್ಕಾರಿ ಕಾಗದಗಳಲ್ಲಿ ಇಸವಿಯ ಬದಲು ಚಕ್ರವರ್ತಿಯ ಆಳ್ವಿಕೆಯ ವರ್ಷ ಬರೆಯುವುದು ರೂಢಿ. ನನ್ನ ಅವಧಿ ರೇವಾ ಮೂರನೇ ವರ್ಷದ ಮಾರ್ಚ್ ಕೊನೆಗೆ ಮುಗಿಯುತ್ತದೆ ಎಂದು ಪತ್ರದಲ್ಲಿತ್ತು. ಸೆನ್ಸೇ ನಿವೃತ್ತರಾಗುವುದೂ ಅದೇ ರೇವಾ ಮೂರರ ಮಾರ್ಚ್ ಎಂದು ವಿಭಾಗದ ಇನ್ನೊಂದು ಸುತ್ತೋಲೆಯಲ್ಲಿ ಓದಿದ್ದೆ.

ನಾನು ಶಾಸನ ಓದಿದವಳು. ಆಳ್ವಿಕೆಯ ವರ್ಷವನ್ನು ಇಸವಿಗೆ ತಿರುಗಿಸುವುದನ್ನು ಇನ್ನೊಬ್ಬರಿಂದ ಕಲಿಯಬೇಕಾಗಿದೆಯೇ ಎಂಬ ಜಂಬ. ಕೋಲಾರದ ಚೋಳ ಶಾಸನಗಳಲ್ಲಿ ಒಂದನೇ ವರ್ಷ ಎಂದರೆ ರಾಜ ಪಟ್ಟಕ್ಕೆ ಬಂದ ದಿನದಿಂದ ಮುಂದಿನ ವರ್ಷದ ಅದೇ ದಿನದವರೆಗೆ. ಅದೇ ಲೆಕ್ಕ ಇಲ್ಲಿಗೂ ಹಾಕಿದೆ. ಈ ಮೇಯಿಂದ ಬರುವ ಏಪ್ರಿಲ್‌ವರೆಗೆ ಒಂದು, ಅಲ್ಲಿಂದ ಮುಂದಿನ ಏಪ್ರಿಲ್‌ವರೆಗೆ ಎರಡು, ಅದರ ಮುಂದಿನದು ಮೂರು. ಮೂರನೇ ವರ್ಷದ ಮಾರ್ಚ್ ಎಂದರೆ ಇನ್ನೂ ಹತ್ತಿರ ಹತ್ತಿರ ಮೂರು ವರ್ಷ. ಸೇರಿದ ವರ್ಷದಿಂದ ಎಣಿಸಿದ್ದರೆ ಏಳಾಗುತ್ತಿತ್ತು, ಆಗಲೇ ಅನುಮಾನ ಬರಬೇಕಿತ್ತು. ಆದರೆ ಮಗಳಿಗಾಗಿ ಶುರುವಿನಲ್ಲಿ ಒಂದು ವರ್ಷ ಅರ್ಧಂಬರ್ಧ ಹಾಜರಾತಿಗೆ ಅನುಮತಿ ಪಡೆದಿದ್ದೆ. ಅದನ್ನು ಲೆಕ್ಕದಿಂದ ಬಿಟ್ಟಿರಬೇಕು, ಪಾಪ, ಒಳ್ಳೆಯವರು, ಎಂದುಕೊಂಡು ಡೈರಿಯಲ್ಲಿ ಇಸವಿ ಬರೆದು ಗೆರೆ ಎಳೆದೆ.

ಜಪಾನಿನಲ್ಲಿ ಹಾಗಲ್ಲ. ಚಕ್ರವರ್ತಿ ಯಾವ ತಿಂಗಳು ಬಂದರೂ ಮೊದಲ ವರ್ಷ ಡಿಸೆಂಬರಿಗೆ ಮುಗಿಯುತ್ತದೆ. ರೇವಾದ ಒಂದನೇ ವರ್ಷಕ್ಕೆ ಎಂಟೇ ತಿಂಗಳು. ಜನವರಿಗೆ ಎರಡು ಬಂತು. ಅದು ಬ್ಯಾಂಕಿನ ಪಾಸ್‌ಬುಕ್ಕಿನಿಂದ ಹಿಡಿದು ಎಲ್ಲ ಕಡೆ ಅಚ್ಚಾಗಿತ್ತು, ನಾನೂ ನೋಡುತ್ತಿದ್ದೆ. ಆದರೆ ಡೈರಿಯಲ್ಲಿ ಬರೆದಿಟ್ಟ ಇಸವಿಯನ್ನು ತೆಗೆದು ನೋಡಬೇಕೆಂದು ತೋಚಲಿಲ್ಲ. ಒಮ್ಮೆ ತೀರ್ಮಾನಿಸಿದ ಕಾಲವನ್ನು ಮತ್ತೆ ಕೆದಕಬಾರದು ಎಂಬುದು ನಮ್ಮ ವೃತ್ತಿಯವರ ಚಾಳಿ.

ಆ ವರ್ಷ ಕೊರೊನಾ ಬಂತು. ಸೆಮಿನಾರುಗಳೆಲ್ಲ ಪರದೆಯ ಮೇಲೆ. ಗಂಡ ಊಟದ ಮೇಜನ್ನೇ ಆಫೀಸು ಮಾಡಿಕೊಂಡ. ಆಗಾಗ ಕೇಳುತ್ತಿದ್ದ.

"ಅಲ್ಲಾ, ಯಾವಾಗ ಸಬ್‌ಮಿಟ್ ಮಾಡ್ತೀಯ ನೀನು?"

"ಟೈಮ್ ಇದೆ ಬಿಡೋ. ಸೆನ್ಸೇನೇ ಏನೂ ಕೇಳ್ತಿಲ್ಲ, ನಿಂಗೇನು?"

ಸೆನ್ಸೇ ನಿಜಕ್ಕೂ ಏನೂ ಕೇಳುತ್ತಿರಲಿಲ್ಲ. ಅವರಿಗೆ ನನ್ನ ಮೇಲೆ ಭರವಸೆ ಎಂದು ನಾನು ತಿಳಿದಿದ್ದೆ.

ನವೆಂಬರ್ ನಡುವಿನಲ್ಲಿ, ಎಂಟು ತಿಂಗಳ ಮೇಲೆ, ಅವರ ಕೊಠಡಿಗೆ ಹೋದೆ. ಬರಹೇಳಿ ಮೇಲ್ ಕಳಿಸಿದ್ದರು. ಬಾಗಿಲು ತೆಗೆದರೆ ಗೋಡೆ ಕಾಣುತ್ತಿತ್ತು. ಅಷ್ಟು ವರ್ಷದಲ್ಲಿ ಆ ಕೊಠಡಿಯ ಗೋಡೆಯ ಬಣ್ಣ ನಾನು ನೋಡಿರಲಿಲ್ಲ. ಭೂಕಂಪಕ್ಕೆ ಬೀಳದಂತೆ ಸೂರಿಗೆ ಕಂಬ ಕೊಟ್ಟು ನಿಲ್ಲಿಸಿದ್ದ ಕಪಾಟುಗಳು ಅರ್ಧ ಖಾಲಿ. ನೆಲದ ಮೇಲೆ ರಟ್ಟಿನ ಪೆಟ್ಟಿಗೆಗಳು. ಮಾಸ್ಕ್ ಹಾಕಿಕೊಂಡು, ತೋಳು ಮಡಚಿಕೊಂಡು, ಸೆನ್ಸೇ ನಾಣ್ಯಗಳ ಫೋಟೋಗಳನ್ನು ವಿಂಗಡಿಸುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ಜಪಾನಿಯಲ್ಲಿ, ಸಿಕ್ಕಿಹಾಕಿಕೊಂಡಾಗ ಮಾತ್ರ ಇಂಗ್ಲಿಷಿನಲ್ಲಿ.

"ಇವುಗಳಲ್ಲಿ ನಿಮಗೆ ಬೇಕಾದದ್ದನ್ನು ಆರಿಸಿಕೊಳ್ಳಿ. ಉಳಿದದ್ದು ಗ್ರಂಥಾಲಯಕ್ಕೆ ಹೋಗುತ್ತದೆ" ಎಂದರು.

"ಇಷ್ಟು ಬೇಗ ಯಾಕೆ ಸೆನ್ಸೇ? ಇನ್ನೂ ಒಂದು ವರ್ಷದ ಮೇಲೆ ಇದೆಯಲ್ಲ."

ಅವರು ಕೈಯಲ್ಲಿದ್ದ ಫೋಟೋವನ್ನು ಮೇಜಿನ ಮೇಲಿಟ್ಟರು. "ಮಾರ್ಚಿಗೆ ಕೊಠಡಿ ಬಿಡಬೇಕು. ಈ ಮಾರ್ಚಿಗೆ."

"ನನ್ನ ಅವಧಿ?"

"ಅದೂ ಈ ಮಾರ್ಚಿಗೇ. ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ." ಫೋಟೋವನ್ನು ಪೆಟ್ಟಿಗೆಗೆ ಹಾಕಿ ಹೇಳಿದರು, "ಪ್ರಬಂಧ ಕೊಡದೆ ಅವಧಿ ಮುಗಿಸಿ ಹೊರಡಲು ನೀವು ತೀರ್ಮಾನಿಸಿದ್ದೀರಿ ಎಂದುಕೊಂಡಿದ್ದೆ."

ಅಲ್ಲಿ ಹಾಗೊಂದು ಪದ್ಧತಿಯಿದೆ. ಓದು ಮುಗಿಸಿ, ಪ್ರಬಂಧ ಒಪ್ಪಿಸದೆ ಹೊರಬರುವುದಕ್ಕೆ ಗೌರವದ ಹೆಸರೇ ಉಂಟು, ಬಯೋಡೇಟಾದಲ್ಲಿ ಬರೆದುಕೊಳ್ಳಬಹುದು. ಇತಿಹಾಸ, ಸಾಹಿತ್ಯ ಓದುವವರಲ್ಲಿ ಎಷ್ಟೋ ಜನ ಹಾಗೆ ಹೋಗುತ್ತಾರೆ. ನಾನೂ ಆ ಸಾಲಿಗೆ ಸೇರಿದವಳು ಎಂದು ಅವರು ಒಂದು ವರ್ಷದಿಂದ ತಿಳಿದಿದ್ದರು.

"ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ ಸೆನ್ಸೇ."

"ಕೇಳಿದರೆ ಒತ್ತಾಯ ಮಾಡಿದಂತೆ ಆಗುತ್ತದೆ. ನಿಮಗೆ ಚಿಕ್ಕ ಮಗಳಿದ್ದಾಳೆ."

ನನಗೆ ಕೆಟ್ಟ ಸಿಟ್ಟು ಬಂತು. ಅವರ ಮೇಲೆ ಬಂತು, ನನ್ನ ಮೇಲೆ ಬಂತು, ಮೊದಲ ವರ್ಷವನ್ನು ಎಂಟು ತಿಂಗಳಿಗೆ ಕತ್ತರಿಸುವ ದೇಶದ ಮೇಲೂ ಬಂತು. ಸುಮಿಮಾಸೆನ್, ಕ್ಷಮಿಸಿ, ಎಂದು ಹೇಳಿ ಹೊರಬಂದೆ. ಸಬ್‌ವೇಯಲ್ಲಿ ಸೀಟು ಖಾಲಿಯಿದ್ದರೂ ಮನೆಯವರೆಗೆ ನಿಂತೇ ಬಂದೆ.

ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು ಎದ್ದು ಹೋಗಿ ಫ್ರಿಜ್ಜಿನ ಬಾಗಿಲು ತೋರಿಸಿದ. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಳ್ಳುವ ನೋಟೀಸನ್ನು ನಾನೇ ಅಲ್ಲಿ ಮ್ಯಾಗ್ನೆಟ್ ಹಾಕಿ ಅಂಟಿಸಿದ್ದೆ. ರೇವಾ ಮೂರು, ಏಪ್ರಿಲ್.

"ಇವಳು ಸ್ಕೂಲಿಗೆ ಹೋಗೋದು ಬರೋ ಏಪ್ರಿಲ್ ಅಂತ ನಿಂಗೆ ಗೊತ್ತು. ಬ್ಯಾಗ್ ಕೂಡ ಆರ್ಡರ್ ಮಾಡಿದೀಯ."

"ಗೊತ್ತು."

"ಅದರ ಹಿಂದಿನ ತಿಂಗಳೇ ಕಣೇ ಮಾರ್ಚು."

ಮಗಳು ಸೋಫಾದಿಂದ ಜಪಾನಿಯಲ್ಲಿ, ಅಮ್ಮ ಅಳ್ತಿದಾಳಾ ಎಂದು ಕೇಳಿದಳು. ಇಲ್ಲ ಎಂದೆ. ಅಳುತ್ತಿದ್ದೆ.

ಲೆಕ್ಕ ಸರಳವಾಗಿತ್ತು. ಜನವರಿ ನಡುವಿನಲ್ಲಿ ಪ್ರಬಂಧ ಒಪ್ಪಿಸಬೇಕು. ಎರಡು ತಿಂಗಳು. ಅಷ್ಟರೊಳಗೆ ಕೊಡದಿದ್ದರೆ ಹೊರಗೆ ಹೋದ ಮೇಲೂ ಕೊಡಬಹುದು ಎಂದು ನಿಯಮವೇನೋ ಇತ್ತು, ಆದರೆ ಓದಿ ತೂಗಿ ಹೇಳುವವರು ಅಲ್ಲಿರುವುದಿಲ್ಲ. ಸೆನ್ಸೇ ಹೋದರೆ ನನ್ನ ರಾಜನ ಲಿಪಿ ಓದುವವರು ಆ ಕಟ್ಟಡದಲ್ಲಿ ನಾನೊಬ್ಬಳೇ. ಮರುದಿನ ಬೆಳಿಗ್ಗೆ ಸೆನ್ಸೇಗೆ ಮೇಲ್ ಬರೆದೆ: ಒಪ್ಪಿಸುತ್ತೇನೆ, ದಯವಿಟ್ಟು ಓದಿ. ಹತ್ತು ನಿಮಿಷದಲ್ಲಿ ಉತ್ತರ ಬಂತು. ಅವರು ಅಷ್ಟು ಬೇಗ ಉತ್ತರ ಬರೆದದ್ದು ಅದೊಂದೇ ಸಲ.

ಅಡಿಗೆ ಮನೆ ಗಂಡನ ಪಾಲಾಯಿತು. ದಿನ ಬಿಟ್ಟು ದಿನ ಚಿತ್ರಾನ್ನ. ಮೂರನೇ ವಾರಕ್ಕೆ ಮಗಳು ಹಳದಿ ಅನ್ನ ಬೇಡ ಎಂದು ಮುಷ್ಕರ ಹೂಡಿದಳು. ನಾನು ಬೆಳಿಗ್ಗೆ ಅವಳನ್ನು ಹೊಯಿಕುಎನ್‌ಗೆ ಬಿಟ್ಟು ಬಂದು ಬಾಗಿಲು ಹಾಕಿಕೊಂಡರೆ ಸಂಜೆ ಕರೆತರುವ ಹೊತ್ತಿಗೇ ತೆಗೆಯುತ್ತಿದ್ದದ್ದು. ನಾಲ್ಕು ಅಧ್ಯಾಯಗಳನ್ನು ಸೆನ್ಸೇ ಮತ್ತು ಉಳಿದಿಬ್ಬರು ಪರೀಕ್ಷಕರು ಮೊದಲೇ ನೋಡಿ ಒಪ್ಪಿದ್ದರು, ಅವಕ್ಕೆ ಟಿಪ್ಪಣಿ ಸರಿಪಡಿಸಿದರೆ ಸಾಕಿತ್ತು. ಉಳಿದದ್ದು ಐದನೆಯದು.

ಐದನೆಯದನ್ನು ಬರೆದದ್ದು ನನಗೆ ಈಗಲೂ ಆಶ್ಚರ್ಯ. ಕೈ ನಿಲ್ಲಲಿಲ್ಲ. ಪಾದ್ರಿಯ ವರದಿಯಲ್ಲಿ ಅಭಿಷೇಕದ ವಿವರ ಇದೆ. ದೊಡ್ಡ ರಾಜನಿಗೆ ಅಭಿಷೇಕವಾಗುವ ಮುಂಚೆ ಹನ್ನೆರಡು ಜನ ಸಾಮಂತರಿಗೆ ಕಿರೀಟ ಇಡಬೇಕಿತ್ತಂತೆ. ಯಾರು ಎಲ್ಲಿ ನಿಂತಿದ್ದರು, ಯಾರು ಯಾವ ದಾರಿಯಲ್ಲಿ ಬಂದರು ಎಂಬುದನ್ನು ಅವನು ಬರೆದಿಟ್ಟಿದ್ದಾನೆ. ನಾನು ಆ ಸಾಲನ್ನು ಹಿಡಿದುಕೊಂಡೆ. ರಾಜನಿಗೆ ಅಭಿಷೇಕ ಬೇಕಿರಲಿಲ್ಲ, ಅವನ ಕೆಲಸ ನಡೆಯುತ್ತಿತ್ತು. ಅದು ಬೇಕಾಗಿದ್ದದ್ದು ಸುತ್ತ ನಿಂತವರಿಗೆ. ಅವನು ಮುಂದೂಡಿದಷ್ಟು ಕಾಲ ಅವರ ಕಿರೀಟವೂ ಮುಂದಕ್ಕೆ ಹೋಗುತ್ತಿತ್ತು. ಅವರು ಮುದುಕರಾಗುತ್ತಿದ್ದರು. ಬಾಯಿಬಿಟ್ಟು ಕೇಳುವುದು ಮರ್ಯಾದೆಯಲ್ಲವೆಂದು ಸುಮ್ಮನೆ ಕಾಯುತ್ತಿದ್ದರು. ಒಂದು ದಿನ ರಾಜ ಅದನ್ನು ಕಂಡ. ತನ್ನ ಜೀವಭಯಕ್ಕಿಂತ ಅವರ ಕಾಯುವಿಕೆ ದೊಡ್ಡದೆನಿಸಿ ಅಭಿಷೇಕಕ್ಕೆ ಒಪ್ಪಿದ. ಹೀಗೆ ಹೋಗುತ್ತದೆ ಆ ಅಧ್ಯಾಯ. ಬರೆದು ಮುಗಿಸಿದಾಗ ನನ್ನ ಪ್ರಬಂಧಕ್ಕೆ ಜೀವ ಬಂತು ಎನಿಸಿತು. ಹೊಸ ವರ್ಷದ ರಜೆಗೆ ಮುಂಚೆ ಸೆನ್ಸೇಗೆ ಕಳಿಸಿದೆ.

ಕಡೆಯ ದಿನಕ್ಕೆ ಎಂಟು ದಿನ ಇರುವಾಗ ಅವರು ಕರೆದರು. ಕೊಠಡಿಯಲ್ಲಿ ಈಗ ಮೇಜು, ಎರಡು ಕುರ್ಚಿ, ಒಂದು ಕಪಾಟು ಮಾತ್ರ ಉಳಿದಿದ್ದವು. ಮೇಜಿನ ಮೇಲೆ ನನ್ನ ಐದನೆಯ ಅಧ್ಯಾಯ. ಅಂಚಿನಲ್ಲಿ ಪೆನ್ಸಿಲಿನ ಗುರುತು ಒಂದೂ ಇರಲಿಲ್ಲ. ಸೆನ್ಸೇ ಗುರುತು ಮಾಡದೆ ಏನನ್ನೂ ಓದುತ್ತಿರಲಿಲ್ಲ.

"ಪಾದ್ರಿಯ ವರದಿಯಲ್ಲಿ ಸಾಮಂತರು ನಿಂತಿದ್ದರು ಎಂದಿದೆ" ಎಂದರು. "ಕಾಯುತ್ತಿದ್ದರು ಎಂದಿಲ್ಲ."

ನಾನು ಏನೋ ಹೇಳಹೊರಟೆ. ಸಾಮಂತರ ವಯಸ್ಸು, ಬೇರೆ ರಾಜ್ಯಗಳ ಉದಾಹರಣೆ, ಹೀಗೆ. ಅವರು ಕೊನೆಯವರೆಗೂ ಕೇಳಿದರು. ಸೆನ್ಸೇ ಯಾರ ಮಾತನ್ನೂ ಅರ್ಧಕ್ಕೆ ತಡೆಯುವವರಲ್ಲ.

"ರಾಜ ಸತ್ತಿದ್ದಾನೆ. ನೀವು ಅವನ ಬಗ್ಗೆ ಏನು ಬರೆದರೂ ಅಲ್ಲ ಎನ್ನಲು ಅವನು ಬರುವುದಿಲ್ಲ. ಅದಕ್ಕೇ ನಾವು ಬಹಳ ಎಚ್ಚರದಿಂದಿರಬೇಕು. ಈ ಅಧ್ಯಾಯ ಇರುವ ಪ್ರಬಂಧಕ್ಕೆ ನಾನು ಪರೀಕ್ಷಕನಾಗಿ ಸಹಿ ಹಾಕಲಾರೆ."

"ಇದನ್ನು ಬಿಟ್ಟರೆ ನನ್ನ ಹತ್ತಿರ ಉತ್ತರ ಇಲ್ಲ ಸೆನ್ಸೇ."

"ಇಲ್ಲ ಎಂದೇ ಬರೆಯಿರಿ" ಎಂದು ಪ್ರತಿಯನ್ನು ನನ್ನ ಕೈಗೆ ಕೊಟ್ಟರು.

ಅವರ ಮೇಲೆ ನನಗೆ ಅಂದು ಬಂದ ಕೋಪವನ್ನು ಮುಚ್ಚಿಡುವುದಿಲ್ಲ. ಇನ್ನೆರಡು ತಿಂಗಳಿಗೆ ಹೊರಟು ಹೋಗುವ ಮನುಷ್ಯ, ಒಂದು ಸಹಿ, ಏನು ಗಂಟು ಹೋಗುತ್ತಿತ್ತು ಎಂದು ದಾರಿಯುದ್ದಕ್ಕೂ ಬೈದುಕೊಂಡೆ. ಮನೆಯಲ್ಲಿ ಗಂಡನಿಗೂ ಅದನ್ನೇ ಹೇಳಿದೆ. ಅವನು ಅಧ್ಯಾಯವನ್ನು ಓದಿದ್ದ.

"ಚೆನ್ನಾಗಿದೆ ಕಣೇ ಅದು. ಆದರೆ ಅದರಲ್ಲಿ ರಾಜ ಎಲ್ಲಿದಾನೆ?" ಎಂದ.

ನಾನು ಅವನೊಡನೆ ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಕೂತು ಅಧ್ಯಾಯವನ್ನು ಇನ್ನೊಬ್ಬರು ಬರೆದದ್ದೆಂಬಂತೆ ಮೊದಲಿನಿಂದ ಓದಿದೆ. ಬಾಯಿಬಿಟ್ಟು ಕೇಳದೆ ಕಾಯುವವರು ಅರಾಕಾನಿನಲ್ಲಿ ಇದ್ದರೋ ಇಲ್ಲವೋ, ನನಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದವರು ಒಬ್ಬರೇ, ಅವರು ಒಕಾಜಾಕಿಯಿಂದ ರೈಲಿನಲ್ಲಿ ಬರುತ್ತಿದ್ದರು. ಇಡೀ ಅಧ್ಯಾಯವನ್ನು ತೆಗೆದು ಬೇರೆ ಫೈಲಿಗೆ ಹಾಕಿದೆ. ಅದರ ಜಾಗದಲ್ಲಿ ಎರಡು ಪುಟ ಬರೆದೆ. ಅಭಿಷೇಕ ಯಾವಾಗ ಆಯಿತು ಎಂದು ನಾಣ್ಯ ಹೇಳುತ್ತದೆ, ಹೇಗೆ ಆಯಿತು ಎಂದು ಪಾದ್ರಿ ಹೇಳುತ್ತಾನೆ, ಯಾಕೆ ಎಂದು ನಮಗೆ ಸಿಕ್ಕಿರುವ ಯಾವ ಆಕರವೂ ಹೇಳುವುದಿಲ್ಲ.

ಕೊನೆಯ ದಿನ ಪ್ರಬಂಧದ ಪ್ರತಿಗಳನ್ನು ಚೀಲದಲ್ಲಿ ಹೊತ್ತು ಕಚೇರಿಯ ಕೌಂಟರಿಗೆ ಹೋದೆ. ಅಲ್ಲಿಯ ಹೆಂಗಸು ಪುಟ ಎಣಿಸಿ, ಮೊಹರು ಒತ್ತಿ, ಎರಡೂ ಕೈಯಲ್ಲಿ ರಸೀತಿ ಕೊಟ್ಟಳು. ರಸೀತಿಯ ಮೇಲೆ ರೇವಾ ಮೂರು, ಜನವರಿ ಎಂದಿತ್ತು. ಫೆಬ್ರವರಿಯಲ್ಲಿ ಮೌಖಿಕ ಪರೀಕ್ಷೆ ಪರದೆಯ ಮೇಲೆ ನಡೆಯಿತು. ಸೆನ್ಸೇ ಅಪರಿಚಿತಳನ್ನು ಕೇಳುವಂತೆ ಗಟ್ಟಿ ಪ್ರಶ್ನೆಗಳನ್ನು ಕೇಳಿದರು, ಎರಡಕ್ಕೆ ನಾನು ತಡವರಿಸಿದೆ. ಕೊನೆಯ ಎರಡು ಪುಟದ ಬಗ್ಗೆ ಇನ್ನೊಬ್ಬ ಪರೀಕ್ಷಕರು, ಉಪಸಂಹಾರ ತೀರಾ ಸಪ್ಪೆ ಎಂದರು. ಸೆನ್ಸೇ ತಲೆತಗ್ಗಿಸಿ ಏನೋ ಬರೆದುಕೊಳ್ಳುತ್ತಿದ್ದರು. ಪಾಸಾಯಿತು. ಮಾರ್ಚಿನಲ್ಲಿ ಪದವಿ ಪತ್ರ ಬಂತು. ಅಮ್ಮನಿಗೆ ಫೋನ್ ಮಾಡಿದರೆ, ಯಾವ ರಾಜ ಅಂದೆ, ಎಂದು ಆರು ವರ್ಷದಲ್ಲಿ ಮೊದಲ ಸಲ ಕೇಳಿದಳು.

ಮಾರ್ಚ್ ಕೊನೆಯ ದಿನ ಸೆನ್ಸೇಯನ್ನು ನೋಡಲು ಹೋದೆ. ಮನೆಯಲ್ಲಿ ಮಾಡಿದ ಕೊಬ್ಬರಿ ಮಿಠಾಯಿ ಒಂದು ಡಬ್ಬಿ ಒಯ್ದಿದ್ದೆ. ಕೊಠಡಿಯಲ್ಲಿ ಕುರ್ಚಿಯೂ ಇರಲಿಲ್ಲ, ಇಬ್ಬರೂ ಕಿಟಕಿಯ ಹತ್ತಿರ ನಿಂತೆವು. ಅರಿಗಾತೋ, ಅಂದರೆ ಧನ್ಯವಾದ, ಎಂಬ ಮಾತನ್ನು ಅತಿ ವಿನಯದ ರೂಪದಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಕೊಂಡು ಹೋಗಿದ್ದೆ, ಹೇಳಿದೆ. ಅವರು ಬಾಗಿದರು, ನಾನೂ ಬಾಗಿದೆ. ಅಷ್ಟಕ್ಕೆ ಮುಗಿಯಿತು ಎಂದುಕೊಂಡು ಬಾಗಿಲ ಕಡೆ ತಿರುಗಿದಾಗ ಹಿಂದಿನಿಂದ ಕೇಳಿದರು.

"ಆ ಐದನೆಯ ಅಧ್ಯಾಯ ನಿಮ್ಮ ಹತ್ತಿರ ಇದೆಯೇ?"

"ಇದೆ ಸೆನ್ಸೇ. ಬೇರೆ ಫೈಲಿನಲ್ಲಿ."

"ನಿಮ್ಮ ಪ್ರತಿಯನ್ನು ಅಂದೇ ನಿಮಗೆ ಕೊಟ್ಟುಬಿಟ್ಟೆ. ಪರೀಕ್ಷಕ ಅದನ್ನು ಇಟ್ಟುಕೊಳ್ಳುವಂತಿರಲಿಲ್ಲ." ಅವರು ಕಿಟಕಿಯಾಚೆ ನೋಡುತ್ತಿದ್ದರು. "ನಾಳೆಯಿಂದ ನಾನು ಪರೀಕ್ಷಕನಲ್ಲ. ಒಂದು ಪ್ರತಿ ನನಗೆ ಕಳಿಸಿ."